20 ಡಾಲರಿಗೆ 6 ವಾರ

ಲೋ ಸೀನ,

ವಾಟ್ಸಾಪಲ್ಲಿ ಬರೆದ್ರೆ ಒಂದು ಹೆಬ್ಬೆಟ್ಟು ಒತ್ತಿ ಸುಮ್ನಾಗ್ತೀಯ, ಅದಕ್ಕೇ ಇಲ್ಲಿ ನಾಲ್ಕು ಜನರ ಮುಂದೆ ಬರೀತಿದೀನಿ, ಓದ್ಲೇಬೇಕು. ಹೆಲ್ಮೆಟ್ ವಿಷ್ಯ ಎತ್ತಲ್ಲ, ಆಣೆ.

ಹಳೇ ಕೌಬಾಯ್ ಸಿನಿಮಾಗಳನ್ನ ಮತ್ತೆ ಹಿಡ್ಕೊಂಡಿದೀನಿ. ಹಾಸ್ಟೆಲಲ್ಲಿ ಬಡ್ಕೊಳ್ತಿದ್ವಲ್ಲ, ಹೀರೋ ಅಂದ್ರೆ ಊರಿಗೋಸ್ಕರ ಪ್ರಾಣ ಕೊಡೋಕೂ ರೆಡಿ ಇರೋನು ಅಂತ, ಈಗ ನೋಡಿದ್ರೆ ಆ ಲೆಕ್ಕ ಅಷ್ಟು ಸಲೀಸಾಗಿಲ್ಲ ಕಣೋ. 'ಹೈ ನೂನ್' (1952) ತಗೋ. ಊರಿನ ಮಾರ್ಷಲ್ (ಪೊಲೀಸ್ ಅಧಿಕಾರಿ) ಆಗಿರೋ ಗ್ಯಾರಿ ಕೂಪರ್ ಮದ್ವೆ ಆದ ದಿನಾನೇ ಹೆಂಡ್ತೀನ ಗಾಡೀಲಿ ಕೂರಿಸ್ಕೊಂಡು ಊರು ಬಿಟ್ಟೋನು ಅರ್ಧ ದಾರೀಲಿ ವಾಪಸ್ ತಿರುಗ್ತಾನೆ. ಯಾಕಪ್ಪಾ ಅಂದ್ರೆ ಇಲ್ಲೀತನಕ ಯಾರಿಗೂ ಹೆದ್ರಿ ಓಡಿಲ್ಲ, ಓಡಿದ್ರೂ ತನ್ನ ಕೊಲ್ಲೋಕೆ ಬರ್ತಿರೋ ಆ ನಾಲ್ವರು ಬಯಲಲ್ಲಿ ನಮ್ಮನ್ನ ಹಿಡೀತಾರೆ ಅಂತಾನೆ. ಅರ್ಧ ಹಠ, ಅರ್ಧ ಜೀವದಾಸೆ. ಊರೋರು ಒಬ್ಬೊಬ್ರಾಗಿ ಜಾರ್ಕೊಂಡ್ರು, ಕೊನೇಲಿ ಎದೆ ಮೇಲಿದ್ದ ಮಾರ್ಷಲ್ ಸ್ಟಾರ್ ಕಿತ್ತು ಮಣ್ಣಿಗೆ ಬಿಸಾಕಿ ಹೋಗೇ ಬಿಟ್ಟ.

'ಮ್ಯಾಗ್ನಿಫಿಸೆಂಟ್ ಸೆವೆನ್'ನಲ್ಲಿ (1960) ಡಕಾಯಿತರಿಂದ ಒಂದು ಹಳ್ಳಿ ಕಾಯೋಕೆ ಬರೋ ಏಳು ಜನ ಬಂದೂಕಿನೋರಿಗೆ ಕೂಲಿ ಮೊದ್ಲೇ ಮಾತಾಡಿರ್ತಾರೆ, 6 ವಾರಕ್ಕೆ ತಲೆಗೆ 20 ಡಾಲರ್. ಅದ್ರಲ್ಲಿ ಹ್ಯಾರಿ ಲಕ್ ಅಂತ ಒಬ್ಬ, ನಿಂಗೆ ನೆನಪಿರಲ್ಲ, ಏಳು ಜನರಲ್ಲಿ ಯಾರಿಗೂ ನೆನಪಿರದ ಆಸಾಮಿ ಅವ್ನೇ. ಇಷ್ಟು ಪುಡಿಗಾಸಿಗೆ ಗುಂಪಿನ ನಾಯಕ ಕ್ರಿಸ್ (ಯೂಲ್ ಬ್ರಿನ್ನರ್) ಒಪ್ಪಿದಾನೆ ಅಂದ್ರೆ ಆ ಹಳ್ಳೀಲಿ ಬಂಗಾರ ಇರ್ಲೇಬೇಕು ಅಂತ ಅವನ ನಂಬಿಕೆ. ಉಳಿದೋರು ಮತ್ತೆ ಹೋಗಿ ಹೊಡೆದಾಡೋಣ ಅಂದಾಗ ಇವನು ಕೈ ಮುಗಿದು ಹೊರಟೋಗ್ತಾನೆ. ಆಮೇಲೆ ನೋಡಿದ್ರೆ ಗುಂಡು ಹಾರ್ತಿರೋ ಮಧ್ಯೆ ಕುದುರೆ ಓಡಿಸ್ಕೊಂಡು ಬಂದು ಕ್ರಿಸ್ಸನ್ನ ಉಳಿಸೋಕೆ ಹೋಗಿ ತಾನೇ ಗುಂಡು ತಿಂತಾನೆ! ಪ್ರಾಣ ಹೋಗ್ತಿರೋವಾಗ್ಲೂ ಕೇಳ್ತಾನೆ, ನಿಜ ಹೇಳು, ಬಂಗಾರ ಇತ್ತು ತಾನೇ? ಯೂಲ್ ಬ್ರಿನ್ನರ್ ಇತ್ತು ಅಂತ ಸುಳ್ಳು ಹೇಳ್ತಾನೆ, ಪಾಲು ಎಷ್ಟು ಬರ್ತಿತ್ತು ಅನ್ನೋ ಲೆಕ್ಕಾನೂ ಕೊಡ್ತಾನೆ. ಬಂಗಾರಕ್ಕೆ ಬಂದೋನು ಗುಂಡಿನ ಮಧ್ಯೆ ವಾಪಸ್ ಬರ್ತಾನೇನೋ? ಆಸೆಬುರುಕ ಅನ್ನಿಸ್ಕೊಂಡ್ರೂ ಪರವಾಗಿಲ್ಲ, ಒಳ್ಳೇವ್ನು ಅನ್ನಿಸ್ಕೊಳ್ಳೋಕೆ ಅವನಿಗೆ ನಾಚಿಕೆ ಅನ್ಸತ್ತೆ ನಂಗೆ. ನಮ್ಮ ರಾಮನಗರದ ಬಂಡೆಗಳ ಮಧ್ಯೆ ಓಡಾಡಿದ 'ಶೋಲೆ' ಜೋಡೀನೂ ಕೂಲಿಗೇ ತಾನೇ ಬಂದಿದ್ದು.

ಆದ್ರೆ ತಲೆ ಕೆಡಿಸಿದ್ದು 'ಶೇನ್' (1953). ಎಲ್ಲಿಂದ್ಲೋ ಬಂದ ಶೇನ್ ಒಂದು ರೈತನ ಮನೇಲಿ ಹೊಟ್ಟೆ ತುಂಬ ಉಣ್ತಾನೆ, ಒಂದು ಮಾತೂ ಆಡದೆ ಅಂಗಳಕ್ಕೆ ಹೋಗಿ ಆ ಮನೆಯೋನ ಕೈಲಿ ಕೀಳೋಕಾಗದ ಮರದ ಬೊಡ್ಡೆಗೆ ಕೊಡಲಿ ಹಾಕ್ತಾನೆ. ಆಮೇಲೆ ಆ ರೈತ ಹೋಗ್ಬೇಕಿದ್ದ ಜಗಳಕ್ಕೆ, ಅವನನ್ನ ಹೊಡೆದು ಮಲಗಿಸಿ ತಾನೇ ಹೋಗ್ತಾನೆ. ತ್ಯಾಗ ತ್ಯಾಗ ಅಂತ ಎಷ್ಟು ಕಣ್ಣೀರು ಹಾಕಿದೀವಿ. ಈ ಸಲ ಅನ್ಸಿದ್ದು, ಅವನಿಗೆ ಹೋಗೋಕೆ ಮನೆ ಎಲ್ಲಿತ್ತೋ? ಬೇರೆಯೋರ ಕಷ್ಟ ಇರೋ ತನಕ ಆ ಊಟದ ಟೇಬಲ್ ಮೇಲೆ ಅವನಿಗೂ ಒಂದು ತಟ್ಟೆ.

ಮಾರ್ಚಲ್ಲಿ ನಿಮ್ಮಪ್ಪನ ಆಪರೇಷನ್ ಆದಾಗ ನೀನು ರಜ ಸಿಗದೆ ಅಲ್ಲಿ ಒದ್ದಾಡ್ತಿದ್ದೆ, ನಾನು ರಾತ್ರಿಯೆಲ್ಲ ವಾರ್ಡಲ್ಲಿ ಕೂತಿದ್ದೆ. ಹೆತ್ತ ಮಗನಿಗಿಂತ ಹೆಚ್ಚು ಅಂತ ನಿಮ್ಮಮ್ಮ ಕಂಡಕಂಡೋರ ಹತ್ರ ಹೇಳಿದ್ರಲ್ಲ. ಸೀನ, ಆಗ ನಂಗೆ ಮನೇಗೆ ಹೋಗೋಕೇ ಆಗ್ತಿರ್ಲಿಲ್ಲ ಕಣೋ. ಇವಳೂ ನಾನೂ ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸಿ ಮಾತಾಡ್ತಿದ್ದ ಕಾಲ ಅದು. ವಾರ್ಡಲ್ಲಿ ಸಿಸ್ಟರ್ ಬಂದು "ಪೇಷಂಟ್ ಕಡೆಯೋರು ಯಾರ್ರೀ?" ಅಂತ ಕೂಗ್ದಾಗ ಎದ್ದು ನಿಲ್ತಿದ್ದೆನಲ್ಲ, ಅದೆಷ್ಟು ಹಿತವಾಗಿತ್ತು ಅಂದ್ರೆ, ನಾಳೆ ಡಿಸ್ಚಾರ್ಜ್ ಅಂತ ಡಾಕ್ಟ್ರು ಹೇಳಿದಾಗ ನಿಮ್ಮಮ್ಮ ಕೈ ಮುಗಿದ್ರು, ನಂಗೆ ಒಳಗೊಳಗೇ ಬೇಜಾರಾಯ್ತು.

ಅಯ್ಯೋ, ಇದನ್ನ ಇವಳೂ ಓದ್ತಾಳೆ. ಗಾಬರಿ ಬೀಳ್ಬೇಡ, ಈಗ ಮಾತಾಡ್ತೀವಿ, ಗ್ಯಾಸ್ ಬುಕ್ ಮಾಡಿದ್ಯಾ, ಮಾಡಿದೆ, ಆ ಲೆವೆಲ್ಲಿಗೆ ಬಂದಿದೀವಿ. ನೀನು ರಾತ್ರಿ ಫೋನ್ ಮಾಡಿ ಗದ್ಗದ ಆಗೋದೆಲ್ಲ ಬೇಡ, ನಿನ್ನ ಅಳು ನಾನು ಗೋವಾದಲ್ಲೇ ನೋಡಿದೀನಿ.

ಅಂದಹಾಗೆ ನಿಮ್ಮನೆ ಸ್ಟೀಲ್ ಫ್ಲಾಸ್ಕ್ ಕಾಣ್ತಿಲ್ಲ ಅಂತ ನಿಮ್ಮಮ್ಮ ಹುಡುಕ್ತಿದಾರಂತೆ. ನನ್ನತ್ರಾನೇ ಇದೆ. ಕಾಫಿ ಮಧ್ಯಾಹ್ನದವರೆಗೂ ಬಿಸಿ ಇರತ್ತೆ ಕಣೋ, ವಾಪಸ್ ಕೊಡಲ್ಲ.

ನಿನ್ನ,
ಕೂಲಿ ಆಳು