ಡೈರಿ ಹಾಳೆ ಹರಿದು ಕೊಟ್ಟ ಅಮ್ಮನಿಗೆ

ಲೈಬ್ರರಿಯಲ್ಲಿ ಎದುರು ಕೂತಿದ್ದ ಅಮ್ಮ, ನಿಮ್ಮ ಹೆಸರು ಕೇಳಲೇ ಇಲ್ಲ.

ಮರುದಿನ ಎಂ.ಎ. ಪರೀಕ್ಷೆ. ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಕಾದಂಬರಿ ಮುಂದಿಟ್ಟುಕೊಂಡು ಅಳುವಂತಾಗಿತ್ತು. ಕತೆ 1801ರಲ್ಲಿ ಶುರು. ಅಷ್ಟರಲ್ಲಾಗಲೇ ಅರ್ಧ ಜನ ಸತ್ತಿದ್ದಾರೆ. ಕ್ಯಾಥರೀನ್ ಬೇರೆ ಇಬ್ಬರು!

ನೀವು ಸುಮ್ನೆ ಕುರ್ಚಿ ಹತ್ತಿರ ಎಳೆದುಕೊಂಡಿರಿ. ನಿಮ್ಮ ಡೈರಿಯ ಹಾಳೆ ಹರಿದು ಉದ್ದಕ್ಕೆ ಒಂದು ಗೆರೆ ಎಳೆದಿರಿ. ಈ ತುದಿಗೆ ಕಥಾನಾಯಕ ಹೀತ್‌ಕ್ಲಿಫ್ ಹುಡುಗನಾಗಿ ಮನೆಗೆ ಬಂದದ್ದು, ಆ ತುದಿಗೆ 1802.

“ಬರೆದುಕೊಳ್ಳುವವನು ಬಾಡಿಗೆದಾರ ಲಾಕ್‌ವುಡ್. ಮೂವತ್ತು ವರ್ಷದ ಕತೆ ಹೇಳೋದು ಮನೆಕೆಲಸದಾಕೆ ನೆಲ್ಲಿ. ಅವಳೂ ಅದರೊಳಗಿನವಳೇ ಅಲ್ವಾ ಮಗಳೇ? ಎಲ್ಲಾ ನಂಬಬೇಡ.”

ಆ ಮಾತಿಗೆ ಗಂಟು ಬಿಚ್ಚಿಕೊಂಡಿತು. “ಊಟ ಮಾಡಿ ಓದು” ಅಂದು ಎದ್ದು ಹೋದಿರಿ. ಅವತ್ತು ರಾತ್ರಿ ನಿದ್ದೆ ಬಂತು ಅಮ್ಮ. ಹಾಳೆ ಪುಸ್ತಕದಲ್ಲೇ ಇದೆ.