ದೊಡ್ಡವರ ಪಾಠದ ಹೊತ್ತಲ್ಲಿ ಚಿಕ್ಕವರಿಗೆ ಏನು ಕೊಡೋಣ?

ಎಲ್ಲರಿಗೂ ನಮಸ್ಕಾರ. ಎನ್‌ಐಓಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಹತ್ತನೇ ತರಗತಿಗೆ ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿರುವ ಹಲವರು ಒಂದೇ ಪ್ರಶ್ನೆ ಕೇಳುತ್ತಿದ್ದೀರಿ. ಗಣಿತ ಹೇಳಿಕೊಡುವಾಗ ಚಿಕ್ಕದು ಬಂದು ಪುಸ್ತಕದ ಮೇಲೇ ಕೂತರೆ ಏನು ಮಾಡುವುದು?

ಪಾಠಕ್ಕೆ ಮೊದಲು ಚಿಕ್ಕವರ ಜೊತೆ ಹತ್ತು ನಿಮಿಷ ಕೂರಿ. ಅವರಿಗೆ ಆಟಿಕೆಗಿಂತ ಜಾಸ್ತಿ ಬೇಕಿರುವುದು ನೀವೇ ಅಲ್ವಾ. ಹೊಸ ಪಾಠವನ್ನು ಅವರು ಮಲಗಿದ ಮೇಲೆ ಇಟ್ಟುಕೊಳ್ಳಿ. ಬರೆಯುವ ಕೆಲಸ ಗಲಾಟೆಯಲ್ಲೂ ಆಗುತ್ತದೆ.

ಆಟದ ಹಿಟ್ಟು ಮನೆಯಲ್ಲೇ ಮಾಡಬಹುದು. ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಚಿಟಿಕೆ ಅರಿಶಿನ ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ. ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ದಿನ ಬರುತ್ತದೆ. ಉಪ್ಪು ಜಾಸ್ತಿ, ತಿನ್ನದಂತೆ ನೋಡಿಕೊಳ್ಳಿ. ಜೊತೆಗೊಂದು ಲಟ್ಟಣಿಗೆ ಕೊಟ್ಟರೆ ಆಯಿತು.

ಬಾಲ್ಕನಿಯಲ್ಲಿ ಒಂದು ಚೊಂಬು ನೀರು, ಸೌಟು, ಎರಡು ಬಟ್ಟಲು ಇಡಿ. ನೆಲ ಒದ್ದೆಯಾಗುತ್ತದೆ, ಆಗಲಿ. ಆದರೆ ತುಂಬಿದ ಬಕೆಟ್ ಖಂಡಿತ ಬೇಡ, ಮಗು ನಿಮ್ಮ ಕಣ್ಣೆದುರೇ ಇರಲಿ.

ರಾಜ್ಮಾ, ಕಡಲೆ ಬೇರೆ ಮಾಡುವ ಆಟ ಮೂರು ವರ್ಷದೊಳಗಿನವರಿಗೆ ಬೇಡ. ಮೂಗಿಗೆ ತುರುಕಿಕೊಳ್ಳುತ್ತಾರೆ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅವರಿಗೆ ಚನ್ನಪಟ್ಟಣದ ದೊಡ್ಡ ಮರದ ಆಟಿಕೆ ಕೊಡಿ.

ಮೊಬೈಲ್ ಕೊಟ್ಟರೆ ಸುಮ್ನಾಗುತ್ತಾರೆ, ನಿಜ. ವಾಪಸ್ ಕಿತ್ತುಕೊಳ್ಳುವಾಗಿನ ರಂಪಕ್ಕೇ ಅರ್ಧ ಪಾಠ ಹೋಗುತ್ತದೆ! 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ನಿಮ್ಮ ಮನೆಯ ಆಟಗಳನ್ನು ಶನಿವಾರದೊಳಗೆ ಇಲ್ಲೇ ಬರೆಯಿರಿ. ಮಗುವಿನ ವಯಸ್ಸನ್ನೂ ಹಾಕಿ. ಫಾರ್ವರ್ಡ್ ವಿಡಿಯೊ ಬೇಡ.