ಕೋತಿ ದ್ವೀಪದ ನಾಲ್ಕನೆಯ ಯಾತ್ರೆ

ಪ್ರೀತಿಯ ಅಕ್ಕನಿಗೆ,

ನಾನು ಕ್ಷೇಮ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಕೆಲಸದ ಸುದ್ದಿಯನ್ನೆಲ್ಲ ಅವರಿಗೆ ಫೋನಿನಲ್ಲಿ ಹೇಳಿಯಾಗಿದೆ. ಈ ಪತ್ರ ನಿನಗಾಗಿಯೇ, ಅದೂ ಒಂದು ಆಟದ ವಿಷಯವಾಗಿ.

ಮೂರು ವಾರಗಳಿಂದ ರಾತ್ರಿ ‘ಎಸ್ಕೇಪ್ ಫ್ರಮ್ ಮಂಕಿ ಐಲ್ಯಾಂಡ್’ ಎಂಬ ಕಡಲ್ಗಳ್ಳರ ಕಂಪ್ಯೂಟರ್ ಆಟ ಆಡುತ್ತಿದ್ದೇನೆ. ನೀನು ಮುಟ್ಟುವುದೇ ಇಲ್ಲ ಎಂದು ಹಟ ಹಿಡಿದಿದ್ದೆಯಲ್ಲ, ಅದೇ ನಾಲ್ಕನೆಯ ಭಾಗ, 2000ದಲ್ಲಿ ಬಂದದ್ದು. ‘ಮೂರಕ್ಕೇ ಕತೆ ಮುಗಿಯಿತು’ ಎಂದು ನೀನು ಅಂದಿದ್ದನ್ನು ನಾನು ಇಷ್ಟು ವರ್ಷ ನಂಬಿದ್ದೆ. ಈಗ ನಂಬುವುದಿಲ್ಲ.

ನಿನ್ನ ದೂರುಗಳಲ್ಲಿ ಹುರುಳಿಲ್ಲ ಎನ್ನುವುದಿಲ್ಲ. 1997ರ ಮೂರನೆಯ ಭಾಗದ ಕೈಯಿಂದ ಬರೆದ ಚಿತ್ರಗಳ ಚೆಲುವು ಇಲ್ಲಿಲ್ಲ. ಎಲ್ಲವೂ ಮೂರು ಆಯಾಮಕ್ಕೆ ತಿರುಗಿದೆ, ಮುಖಗಳು ಮರದ ಗೊಂಬೆಗಳಂತೆ ಬಿಗಿದುಕೊಂಡಿವೆ. ಮೌಸ್ ಕೆಲಸಕ್ಕೇ ಬರುವುದಿಲ್ಲ. ಬಾಣದ ಕೀಲಿಗಳನ್ನು ಒತ್ತಿ ಕಥಾನಾಯಕ ಗೈಬ್ರಷ್‌ನನ್ನು ನಡೆಸಬೇಕು. ಬಾಗಿಲು ಎದುರಿಗೇ ಇದ್ದರೂ ಅವನು ಪಕ್ಕದ ಗೋಡೆಗೆ ಮುಖ ಮಾಡಿ ಕಾಲು ಬಡಿಯುತ್ತಾನೆ. ಮೊದಲ ಎರಡು ರಾತ್ರಿ ನನಗೂ ಸಾಕಾಗಿತ್ತು. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು: ಏನಾದರೂ ಮುಖ್ಯವಾದ ವಸ್ತುವಿನ ಹತ್ತಿರ ಹೋದಾಗ ಅವನು ತಲೆ ತಿರುಗಿಸಿ ಅದನ್ನೇ ನೋಡುತ್ತಾನೆ. ಅವನ ಕಣ್ಣು ಹೋದ ಕಡೆ ನಾನೂ ನೋಡಲು ಕಲಿತ ಮೇಲೆ ಆಟ ನನ್ನ ಕೈಗೆ ಹತ್ತಿತು.

ಕತೆ ಮಧುಚಂದ್ರ ಮುಗಿದಲ್ಲಿಂದ ಶುರುವಾಗುತ್ತದೆ. ಗೈಬ್ರಷ್ ಮತ್ತು ಎಲೇನ್ ಮೆಲೇ ದ್ವೀಪಕ್ಕೆ ಮರಳುವಷ್ಟರಲ್ಲಿ ಗವರ್ನರ್ ಎಲೇನ್ ಸತ್ತಳೆಂದು ಘೋಷಣೆಯಾಗಿದೆ, ಅವಳ ಬಂಗಲೆ ಕೆಡವಲು ಯಂತ್ರ ಬಂದು ನಿಂತಿದೆ, ಅವಳ ಕುರ್ಚಿಗೆ ಚುನಾವಣೆ ಹತ್ತಿರವಾಗಿದೆ. ಓಜಿ ಮ್ಯಾಂಡ್ರಿಲ್ ಎಂಬ ಆಸ್ಟ್ರೇಲಿಯಾದ ಧನಿಕ ದ್ವೀಪಗಳನ್ನೆಲ್ಲ ಕೊಂಡುಕೊಳ್ಳುತ್ತಿದ್ದಾನೆ. ಜಂಬಲಾಯಾ ದ್ವೀಪಕ್ಕೆ ಹೋದರೆ ಕಡಲ್ಗಳ್ಳರ ಊರು ಪ್ರವಾಸಿಗರ ಬೀದಿಯಾಗಿಬಿಟ್ಟಿದೆ, ಕಾಫಿ ಅಂಗಡಿಯ ಹೆಸರು ‘ಸ್ಟಾರ್‌ಬಕನಿಯರ್ಸ್’. ನಮ್ಮ ಮಾತಿನಮಲ್ಲ ತಲೆಬುರುಡೆ ಮರ್ರೆ ಅಲ್ಲಿ ಒಂದು ಹೋಟೆಲಿನವರ ಆಕರ್ಷಣೆಯಾಗಿ ಕೂತಿದ್ದಾನೆ. ಲೋಕವನ್ನೇ ನಡುಗಿಸುತ್ತೇನೆ ಎಂದು ಗುಡುಗುತ್ತಿದ್ದವನನ್ನು ಆ ಸ್ಥಿತಿಯಲ್ಲಿ ನೋಡಿ ನಗು ಬಂತು, ಹಿಂದೆಯೇ ಸಂಕಟವೂ ಆಯಿತು.

ಆದರೆ ನಾನು ಕಾಗದ ಪೆನ್ನು ಹಿಡಿದಿದ್ದು ಲೂಕರ್ ದ್ವೀಪದ ಕಾಲದ ಜೌಗಿನ ಬಗ್ಗೆ ಹೇಳಲಿಕ್ಕೆ. ಮಂಜು ಕವಿದ ಆ ನೀರಿನಲ್ಲಿ ಕಾಲವೇ ದಿಕ್ಕು ತಪ್ಪಿದೆ. ತೆಪ್ಪ ನಡೆಸಿಕೊಂಡು ಹೋಗುತ್ತಾ ಒಂದು ಗೇಟಿನ ಬಳಿ ನಿಂತರೆ ಆಚೆ ಕಡೆ ಇನ್ನೊಬ್ಬ ಗೈಬ್ರಷ್! ಸ್ವಲ್ಪ ಹೊತ್ತಿನ ನಂತರದ ನಾನೇ. ಅವನು ಏನೇನೋ ಮಾತಾಡುತ್ತಾನೆ, ಒಂದೊಂದೇ ವಸ್ತುವನ್ನು ಕೈಗಿಡುತ್ತಾನೆ. ನಾನು ಅರೆಮನಸ್ಸಿನಿಂದ ಕೇಳಿಸಿಕೊಂಡು ಮುಂದೆ ಹೋದೆ. ಆಮೇಲೆ ಅದೇ ಗೇಟಿನ ಆಚೆ ಬದಿಗೆ ಬಂದು ನಿಂತಾಗ ಎದೆ ಧಸಕ್ಕೆಂದಿತು. ಈಚೆಗೆ ನಿಂತಿರುವವನು ಹಿಂದಿನ ನಾನು. ಈಗ ನಾನು ಅವೇ ಮಾತುಗಳನ್ನು ಆಡಬೇಕು, ಅವೇ ವಸ್ತುಗಳನ್ನು ಅದೇ ಕ್ರಮದಲ್ಲಿ ಕೊಡಬೇಕು. ಒಂದು ತಪ್ಪಿದರೂ ಕಾಲದ ಎಳೆ ಹರಿಯುತ್ತದೆ, ಮತ್ತೆ ಮೊದಲಿನಿಂದ. ನನಗೆ ಎರಡು ಬಾರಿ ಹರಿಯಿತು. ಮೂರನೆಯ ಸಲ ಎಲ್ಲ ಬರೆದುಕೊಂಡೆ. ನಮ್ಮ ಬಾಯಿಂದ ಹೊರಟ ಮಾತು ಸುತ್ತಿ ಬಂದು ನಮ್ಮ ಕಿವಿಗೇ ಬೀಳುವ ಇಂಥ ಒಗಟನ್ನು ನಾನು ಬೇರಾವ ಆಟದಲ್ಲೂ ಕಂಡಿಲ್ಲ. ಇದೊಂದಕ್ಕಾಗಿ ಆ ಗೊಂಬೆಮುಖಗಳನ್ನೆಲ್ಲ ಕ್ಷಮಿಸಿದ್ದೇನೆ.

ಇನ್ನು ನೀನು ಕೇಳಿದ್ದ ಕೋತಿಕಾಳಗ. ಅದು ಬೇಸರವೇ, ನಿಜ. 1990ರ ಮೊದಲ ಆಟದ ಬೈಗುಳದ ಕತ್ತಿವರಸೆಯಲ್ಲಿ ಎದುರಾಳಿಯ ಪ್ರತಿ ಚುಚ್ಚುಮಾತಿಗೂ ಚುರುಕಾದ ಮರುಮಾತು ಇರುತ್ತಿತ್ತು. ಮೌಸ್ ನನ್ನ ಕೈಯಲ್ಲಿ, ನೋಟ್‌ಬುಕ್ ನಿನ್ನ ಕೈಯಲ್ಲಿ. ಇಲ್ಲಿ ಮಾತೇ ಇಲ್ಲ. ಐದು ಬಗೆಯ ಕೋತಿ ನಿಲುವುಗಳು, ಒಂದರಿಂದ ಇನ್ನೊಂದಕ್ಕೆ ಹೋಗಲು ಆಕ್, ಚೀ, ಈಕ್, ಊಪ್ ಎಂಬ ಕೂಗುಗಳಲ್ಲಿ ಮೂರನ್ನು ಸರಿಯಾಗಿ ಜೋಡಿಸಬೇಕು. ಕೋತಿಗಳೆದುರು ಸೋತು ಸೋತೇ ಆ ಜೋಡಣೆಗಳ ಪಟ್ಟಿ ತಯಾರಾಗಬೇಕು. ಮಾತಿನ ಚಮತ್ಕಾರದ ಮೇಲೆ ನಿಂತಿದ್ದ ಆಟ ಕೊನೆಯಲ್ಲಿ ಮಾತನ್ನೇ ಬಿಟ್ಟುಕೊಟ್ಟಿತಲ್ಲ ಎಂದು ನನಗೆ ನಿಜವಾಗಿಯೂ ನೋವಾಯಿತು. ಇದನ್ನು ತಯಾರಿಸಿದ ಲ್ಯೂಕಸ್‌ಆರ್ಟ್ಸ್ ಕಂಪನಿಯ ಕೊನೆಯ ಸಾಹಸ ಆಟ ಇದೇ ಎಂದು ನೆನೆದರೆ ನೋವು ಇನ್ನೂ ಹೆಚ್ಚು. ಆದರೂ ನಡುರಾತ್ರಿ ಒಬ್ಬನೇ ಕುಳಿತು ‘ಊಪ್ ಚೀ ಆಕ್’ ಎಂದು ಬರೆದುಕೊಳ್ಳುವಾಗ ಪಕ್ಕದಲ್ಲಿ ನೀನಿರಬೇಕಿತ್ತು ಅನ್ನಿಸಿತು.

ಆಡುತ್ತೀಯಾ, ಅಕ್ಕ? ನನ್ನ ಪಟ್ಟಿಯನ್ನು ಈ ಲಕೋಟೆಯಲ್ಲೇ ಇಟ್ಟು ಕಳಿಸೋಣವೆಂದಿದ್ದೆ. ಆದರೆ ಪ್ರತಿ ಹೊಸ ಆಟಕ್ಕೂ ಆ ಕೂಗುಗಳ ಜೋಡಣೆ ಬದಲಾಗುತ್ತದೆ, ನನ್ನದು ನಿನಗೆ ಉಪಯೋಗಕ್ಕೆ ಬಾರದು. ನೀನು ಹೊಸ ನೋಟ್‌ಬುಕ್ ತೆಗೆಯಲೇಬೇಕು. ನಾನು ರಜೆಗೆ ಬರುವುದರೊಳಗೆ ಜೌಗಿನ ಗೇಟಿನ ತನಕವಾದರೂ ಬಂದಿರು. ಅಲ್ಲಿಂದ ಮುಂದೆ ಕೂಡಿ ಆಡೋಣ.

ನಿನ್ನ ಪ್ರೀತಿಯ
ತಮ್ಮ